ನೆಲ ಆರುವ ತನಕ

ಆಗಸ್ಟ್ 21

ಪ್ರೀತಿಯ ಅಕ್ಕ,

ಗುರುವಾರ ಸಂಜೆ ಬಸ್ ನಿಲ್ದಾಣದಲ್ಲಿ ನೀನು ಎಷ್ಟು ಹೊತ್ತು ಕಾದೆಯೋ. ಕೊನೆಯ ಬಸ್ಸು ಬಂದು ಹೋಗುವವರೆಗೂ ನಿಂತಿರುತ್ತೀಯ, ಆಮೇಲೆ ಆ ಡ್ರೈವರನನ್ನು ಹಿಡಿದು ಜಾಡಿಸಿರುತ್ತೀಯ. ನಾವು ಮೂವರೂ ಬದುಕಿದ್ದೇವೆ. ಮೊದಲು ಅದನ್ನೇ ಬರೆಯಬೇಕಿತ್ತು.

ನೀರು ಬಂದದ್ದು ಮಂಗಳವಾರ ಮಧ್ಯಾಹ್ನ. ನದಿ ನಮ್ಮ ಬೀದಿಯಿಂದ ಎಷ್ಟು ದೂರ ಎಂದು ನೀನೇ ನೋಡಿದ್ದೀಯ. ಮೊದಲು ಬಚ್ಚಲ ತೂಬಿನಲ್ಲಿ ಗುಳುಗುಳು ಸದ್ದಾಯಿತು. "ನಲ್ಲಿ ನಿಲ್ಲಿಸಿದ್ಯೇನಮ್ಮ?" ಎಂದು ಅತ್ತೆ ಹಾಸಿಗೆಯಿಂದಲೇ ಕೇಳಿದರು. ನಿಲ್ಲಿಸಲು ಹೋದರೆ ನೀರು ತೂಬಿನೊಳಕ್ಕೆ ಇಳಿಯುತ್ತಿರಲಿಲ್ಲ, ತೂಬಿನಿಂದ ಮೇಲೆ ಬರುತ್ತಿತ್ತು. ಆಮೇಲೆ ಬೀದಿ ಬಾಗಿಲಿನ ಅಡಿಯಿಂದಲೂ ಬಂತು. ಇವರು ಅಂಗಡಿ ಕೋಣೆಯಲ್ಲಿ ಯಾರದೋ ತಕ್ಕಡಿ ಬಿಚ್ಚಿಕೊಂಡು ಕೂತಿದ್ದವರು ಎದ್ದು ಬಂದು, ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿದರು. ನಾನು ಒಲೆ, ಬೆಂಕಿಪೊಟ್ಟಣ, ಒಂದು ಕೊಡ ಕುಡಿಯುವ ನೀರು ಹಿಡಿದು ಹಿಂದೆ ಹೋದೆ. ಇನ್ನೊಂದು ಸಲ ಇಳಿಯೋಣವೆಂದರೆ ಕೆಳಗಿನ ಮೆಟ್ಟಿಲುಗಳೇ ಕಾಣುತ್ತಿರಲಿಲ್ಲ.

ಇನ್ನು ಬ್ಯಾಗಿನ ವಿಷಯ. ನಿನ್ನ ಹತ್ತಿರ ಬರಲು ಕಟ್ಟಿಕೊಂಡಿದ್ದ ಬ್ಯಾಗನ್ನು ನಾನು ಮೇಲಿನ ಕೋಣೆಯಲ್ಲಿ, ಹಳೆಯ ತಕ್ಕಡಿಗಳ ಪೆಟ್ಟಿಗೆಗಳ ಹಿಂದೆ ಬಚ್ಚಿಟ್ಟಿದ್ದೆ. ಆ ಕೋಣೆಗೆ ಯಾರೂ ಹೋಗುವುದಿಲ್ಲವಲ್ಲ. ನಮ್ಮೆಲ್ಲರ ಬಟ್ಟೆಬರೆ, ಹಾಸಿಗೆ, ಪಾತ್ರೆ ಎಲ್ಲವೂ ಕೆಳಗೆ. ಮೂವರೂ ಸೊಂಟದವರೆಗೆ ತೊಯ್ದು ಕೂತಿದ್ದೆವು, ಅತ್ತೆಗೆ ಹಲ್ಲು ಕಟಕಟ. ಏನಾದರೂ ಒಣಬಟ್ಟೆ ಸಿಕ್ಕೀತೇ ಎಂದು ಇವರು ಪೆಟ್ಟಿಗೆ ಸರಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬ್ಯಾಗು ಅವರ ಕೈಯಲ್ಲಿತ್ತು.

ದೋಣಿಯವರು ಬರುವವರೆಗೂ ನಾವು ಆ ಬ್ಯಾಗಿನ ಮೇಲೆಯೇ ಬದುಕಿದೆವು ಅಕ್ಕ. ಹೊಸ ಕೆಲಸಕ್ಕೆ ಹಾಕಿಕೊಳ್ಳಲೆಂದು ಇಟ್ಟಿದ್ದ ನನ್ನ ಬಟ್ಟೆಯಲ್ಲಿ ಅತ್ತೆ, ನನ್ನ ಟವೆಲ್ ಸುತ್ತಿಕೊಂಡು ಇವರು. ದಾರಿಗೆಂದು ಇಟ್ಟಿದ್ದ ಬಿಸ್ಕತ್ತನ್ನು ಮೂವರೂ ಹಂಚಿಕೊಂಡೆವು. ಟಾರ್ಚ್, ಸೋಪು, ತಲೆನೋವಿನ ಮಾತ್ರೆ, ಎಲ್ಲವೂ ಇತ್ತು. "ನೀರು ಬರುತ್ತೆ ಅಂತ ನಿನಗೆ ಮೊದಲೇ ಯಾರು ಹೇಳಿದ್ರಮ್ಮ?" ಎಂದು ಅತ್ತೆ ಬಿಸ್ಕತ್ತು ಕಡಿಯುತ್ತಾ ಕೇಳಿದರು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಇವರು ಮಾತ್ರ ಏನೂ ಕೇಳಲಿಲ್ಲ. ನನ್ನ ಟೀಚರ್ ಸರ್ಟಿಫಿಕೇಟುಗಳ ಪ್ಲಾಸ್ಟಿಕ್ ಕವರನ್ನು, ನನ್ನ ಹೊಸ ಬೂಟುಗಳನ್ನು ಇದ್ದಹಾಗೇ ಒಳಗಿಟ್ಟು ಜಿಪ್ ಎಳೆದರು.

ಈಗ ನೀರು ಇಳಿದಿದೆ. ಕೆಳಗೆ ಮೊಣಕಾಲುದ್ದ ಕೆಸರು. ಕೆಸರಿನಲ್ಲಿ ನಿಂತವರನ್ನು ಬಿಟ್ಟು ಹೇಗೆ ಬರಲಿ? ಅದೊಂದು ತೆಗೆದು ಮುಗಿಯಲಿ, ಬರುತ್ತೇನೆ. ಫೋನ್ ಮಾಡಬೇಡ, ಮೂವರೂ ಒಂದೇ ಕೋಣೆಯಲ್ಲಿದ್ದೇವೆ. ಮೂಲೆಯ ಔಷಧಿ ಅಂಗಡಿಯ ಅಮ್ಮನ ವಿಳಾಸಕ್ಕೆ ಬರೆ. ಅವರ ಅಂಗಡಿ ಎತ್ತರದಲ್ಲಿದೆ, ಯಾರ ಹತ್ತಿರವೂ ಬಾಯಿಬಿಡುವವರಲ್ಲ.

ನಿನ್ನ,
ಮರಿ


ಆಗಸ್ಟ್ 30

ಮರಿ,

ಡ್ರೈವರನನ್ನು ಬೈದದ್ದು ನಿಜ. ಪಾಪ, ನನ್ನ ಬಾಯಿಗೆ ಹೆದರಿ ಸೀಟುಗಳ ಕೆಳಗೆಲ್ಲಾ ಬಗ್ಗಿ ಹುಡುಕಿದ. ನೀನು ಮನಸ್ಸು ಬದಲಿಸಿದೆ ಎಂದುಕೊಂಡು ಮನೆಗೆ ಬಂದು ಅತ್ತುಬಿಟ್ಟೆ. ಮಾರನೆಯ ದಿನ ಆಸ್ಪತ್ರೆಯಲ್ಲಿ ಕೆಲಸದ ನಡುವೆ ಪ್ರವಾಹದ ಸುದ್ದಿ ಕೇಳಿದಾಗ, ಹಾಗಾದರೆ ಇವಳು ಮನಸ್ಸು ಬದಲಿಸಲಿಲ್ಲ ಎಂದು ಒಂದು ಗಳಿಗೆ ಸಮಾಧಾನವಾಯಿತು ನೋಡು. ಎಂಥ ಅಕ್ಕ ನಾನು.

ಜೀವ ಉಳಿಯಿತಲ್ಲ, ಅಷ್ಟು ಸಾಕು. ಈಗ ಹೊರಟು ಬಾ. ಕೆಸರು ತೆಗೆಯಲು ಆಳುಗಳು ಸಿಗುತ್ತಾರೆ. ನಿನ್ನ ಗಂಡ ಕೆಟ್ಟವರೆಂದು ನಾನು ಹೇಳುವುದಿಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಊರಿನ ತಕ್ಕಡಿಗಳನ್ನೆಲ್ಲ ಸರಿಮಾಡಿ ಕೊಡುವವರು. ಆದರೆ ಅವರನ್ನು ಕೇಳದೆ ಶಾಲೆಯ ಕೆಲಸಕ್ಕೆ ಅರ್ಜಿ ಹಾಕಿದೆಯೆಂದು ಕಳೆದ ಚಳಿಗಾಲವೆಲ್ಲ ನಿನ್ನ ಜೊತೆ ಮಾತು ಬಿಟ್ಟರಲ್ಲ, ಮರೆತೆಯಾ? ಒಂದೇ ಮೇಜಿನಲ್ಲಿ ಎದುರಿಗೆ ಕೂತು, "ಅಮ್ಮ, ಅವಳಿಗೆ ಹೇಳು, ಉಪ್ಪು ಈ ಕಡೆ ತಳ್ಳಲಿ" ಎನ್ನುತ್ತಿದ್ದರೆಂದು ನೀನೇ ಬರೆದಿದ್ದೆ. ಅದಕ್ಕೆ ಮೊದಲು ಎಷ್ಟು ಸಲ ಹಾಗಾಗಿದೆಯೋ ನೀನು ಹೇಳಿಲ್ಲ, ನಾನು ಕೇಳಿಲ್ಲ. ನನ್ನ ಮನೆಗೆ ಬಂದಿದ್ದಾಗ ನಾನು ಸುಮ್ಮನೆ ಕೂತರೆ ಸಾಕು, ನಿನ್ನ ಮುಖ ಬಿಳಿಚಿಕೊಳ್ಳುತ್ತಿತ್ತು.

ನೀನು ಸೇರಬೇಕಿದ್ದ ಶಿಶುವಿಹಾರದ ಹೆಡ್‌ಮೇಡಂಗೆ ವಿಷಯ ಹೇಳಿದ್ದೇನೆ. ಕಾಯುತ್ತಾರೆ. ನಿನಗೆಂದು ತಂದ ಮಂಚದ ಮೇಲೆ ಸದ್ಯ ಇಸ್ತ್ರಿ ಬಟ್ಟೆಗಳು ಮಲಗಿವೆ.

ದಾರಿ ಕಾಯುವ,
ಅಕ್ಕ


ಸೆಪ್ಟೆಂಬರ್ 18

ಪ್ರೀತಿಯ ಅಕ್ಕ,

ಕೆಸರೆಂದರೆ ನೀನು ತಿಳಿದಿರುವ ಕೆಸರಲ್ಲ. ಮುಟ್ಟಿದರೆ ಹಿಟ್ಟಿನ ನಯ, ಎತ್ತಿದರೆ ಸೀಸದ ಭಾರ. ಸಲಿಕೆಯಲ್ಲಿ ಬಾಚಿ ಬಾಂಡ್ಲಿಗೆ ತುಂಬಿ ಬೀದಿಗೆ ಸುರಿಯುವುದು. ಬೀದಿಯಲ್ಲಿ ಎಲ್ಲರ ಮನೆಯ ಮುಂದೂ ಹೀಗೇ ಗುಡ್ಡೆ, ಗುಡ್ಡೆಯಲ್ಲಿ ಒಬ್ಬರ ಚಪ್ಪಲಿ, ಇನ್ನೊಬ್ಬರ ದಿಂಬು. ನಮ್ಮ ಪ್ಲೈವುಡ್ ಬೀರು ಹಾಳೆಹಾಳೆಯಾಗಿ ಬಿಚ್ಚಿಕೊಂಡಿತ್ತು. ಬಾಗಿಲುಗಳು ಊದಿಕೊಂಡು ಚೌಕಟ್ಟಿಗೆ ಕೂರುವುದಿಲ್ಲ. ಸ್ವಿಚ್ ಬೋರ್ಡು ಬಿಚ್ಚಿದರೆ ಅದರೊಳಗಿಂದ ಒಂದು ಎರೆಹುಳು ಇಣುಕಿತು. ಅತ್ತೆಗೆ ಹೇಳಿದರೆ, "ಅದಕ್ಕೂ ಕರೆಂಟ್ ಬೇಕಾಗಿತ್ತೇನೋ" ಎಂದರು.

ಅಂಗಡಿ ಕೋಣೆಯ ತೂಕದ ಕಲ್ಲುಗಳು, ತಟ್ಟೆಗಳು, ಸರಪಳಿಗಳು ಎಲ್ಲವನ್ನೂ ನಾನೂ ಇವರೂ ಹಿತ್ತಿಲಲ್ಲಿ ಕೂತು ಸೀಮೆಎಣ್ಣೆಯಲ್ಲಿ ತೊಳೆಯುತ್ತೇವೆ. ತೊಳೆದು, ಒರೆಸಿ, ಎಣ್ಣೆ ಸವರಿ, ಬಟ್ಟೆಯ ಮೇಲೆ ಸಾಲಾಗಿ ಇಡುವುದು. ಅಕ್ಕ, ಇವರು ಮಾತಾಡುತ್ತಿದ್ದಾರೆ. "ಇಲ್ಲಿ ಹಿಡ್ಕೋ." "ಜೋಪಾನ, ಅಂಚು ಚೂಪಿದೆ." "ಕೈ ಕುಯ್ದುಕೊಂಡ್ಯಾ? ತೋರಿಸು." ಮೊನ್ನೆ ಚಿನ್ನದಂಗಡಿಯ ಪುಟ್ಟ ತಕ್ಕಡಿಯೊಂದನ್ನು ಎತ್ತಿ ಹಿಡಿದು, ಅದರ ಮುಳ್ಳು ಹೇಗೆ ನಡುಗುತ್ತಾ ನಡುಗುತ್ತಾ ನಿಲ್ಲುತ್ತದೆಂದು ನನಗೆ ತೋರಿಸಿದರು. ಮದುವೆಯಾದ ಮೇಲೆ ಒಂದೇ ದಿನಕ್ಕೆ ಅಷ್ಟು ಮಾತು ಕೇಳಿದ್ದು ಅದೇ ಮೊದಲು.

ಬ್ಯಾಗಿನ ಸುದ್ದಿ ಮಾತ್ರ ಇಲ್ಲ. ಅದು ನಾವು ಮಲಗುವ ಕೋಣೆಯ ಮೂಲೆಯಲ್ಲೇ ಇದೆ. ಕಸ ಗುಡಿಸುವಾಗ ನಾನು ಅದನ್ನು ಎತ್ತಿ ಗುಡಿಸಿ ಮತ್ತೆ ಅಲ್ಲೇ ಇಡುತ್ತೇನೆ. ಅವರು ದಾಟಿಕೊಂಡು ಹೋಗುತ್ತಾರೆ.

ನೀರು ನಿಂತಷ್ಟು ಎತ್ತರಕ್ಕೂ ಗೋಡೆಯ ಗಾರೆ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಉಪ್ಪು ಬಿಟ್ಟು ಉದುರುತ್ತದೆ ಎಂದು ಮೇಸ್ತ್ರಿ ಹೇಳಿದ್ದಾನೆ. ನೆಲದ ಕೆಳಗಿನ ಮರಳೂ ಕೊಚ್ಚಿಹೋಗಿ ನಡೆದರೆ ಟೊಳ್ಳು ಸದ್ದು ಬರುತ್ತದೆ, ಅದನ್ನೂ ಅಗೆಯಬೇಕು. ಗೋಡೆಯೊಂದು ಮುಗಿಯಲಿ ಅಕ್ಕ. ಇಟ್ಟಿಗೆ ಕಾಣುವ ಮನೆಯಲ್ಲಿ ಅತ್ತೆಯನ್ನು ಬಿಟ್ಟು ಬಂದರೆ ನನಗೇ ನಿದ್ದೆ ಬಾರದು.

ನಿನ್ನ,
ಮರಿ


ಅಕ್ಟೋಬರ್ 5

ಮರಿ,

ಮೊದಲು ಕೆಸರು ಎಂದೆ. ಈಗ ಗೋಡೆ. ಆಮೇಲೆ ನೆಲ ಬರುತ್ತದೆ, ಅದರ ಹಿಂದೆ ಬಣ್ಣ, ಪರದೆ. ಮನೆಯೆಂಬುದು ಎಂದಾದರೂ ಮುಗಿದದ್ದನ್ನು ನೀನು ನೋಡಿದ್ದೀಯಾ? ಆಸ್ಪತ್ರೆಯಲ್ಲಿ ನಾನು ದಿನಾ ಹಾಸಿಗೆ ಬಟ್ಟೆ ಒಗೆಸುತ್ತೇನೆ, ಮಾರನೆಯ ದಿನ ಅಷ್ಟೇ ಬಟ್ಟೆ ಬಾಗಿಲಲ್ಲಿ ಬಿದ್ದಿರುತ್ತದೆ.

ಹೆಡ್‌ಮೇಡಂ ಜನವರಿಯ ಟರ್ಮ್ ಶುರುವಾಗುವ ತನಕ ಜಾಗ ಹಿಡಿದಿಡುತ್ತಾರಂತೆ. ಅದರಾಚೆಗೆ ಆಗದು.

ಮಾತಾಡುತ್ತಿದ್ದಾರೆ ಎಂದು ಬರೆದೆಯಲ್ಲ, ಅದನ್ನು ಓದಿ ನನಗೆ ಅಳು ಬಂತು. ಗಂಡ ಮಾತಾಡಿದನೆಂಬುದು ಪತ್ರದಲ್ಲಿ ಬರೆಯುವ ಸುದ್ದಿಯೇನೇ?

ಅಕ್ಕ


ನವೆಂಬರ್ 12

ಪ್ರೀತಿಯ ಅಕ್ಕ,

ಗಾರೆ ಮುಗಿಯಿತು. ಈ ಮೇಸ್ತ್ರಿಗೆ ಕೈ ಎಷ್ಟು ಚುರುಕೋ ಬಾಯಿ ಅದರ ಎರಡರಷ್ಟು. ಗೋಡೆಗೆ ಗಾರೆ ಎರಚುತ್ತಲೇ ಹೆಂಡತಿಯ ಜಗಳ, ಮಾವನ ಜಿಪುಣತನ ಎಲ್ಲವನ್ನೂ ವರದಿ ಮಾಡುತ್ತಾನೆ. ಅತ್ತೆ ಮೆಟ್ಟಿಲ ಮೇಲೆ ಕೂತು ಅವನ ಸಂಸಾರಕ್ಕೆ ತೀರ್ಪು ಕೊಡುತ್ತಾರೆ. ಹೊಸ ಗಾರೆಗೆ ಒಂದಷ್ಟು ದಿನ ನೀರು ಹಾಕುತ್ತಿರಬೇಕಂತೆ, ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಅದಕ್ಕೆ ಕ್ಯೂರಿಂಗ್ ಎನ್ನುತ್ತಾರೆ. ಆ ಕೆಲಸವನ್ನು ಇವರು ತಾವೇ ವಹಿಸಿಕೊಂಡಿದ್ದಾರೆ.

ಕೆಳಗೆ ನೆಲ ಅಗೆದು ಜಲ್ಲಿ ತುಂಬಿದೆ. ಬರಿಗಾಲಿಟ್ಟರೆ ಚುಚ್ಚುತ್ತದೆ. ನಾವಿನ್ನೂ ಮೇಲಿನ ಕೋಣೆಯಲ್ಲೇ. ಇವರು ಗೋಡೆಯ ಕಡೆ, ನಾನು ಕಿಟಕಿಯ ಕಡೆ, ನಡುವೆ ಅತ್ತೆ. ಯಾರು ಯಾವ ಮಗ್ಗುಲಿಗೆ ಹೊರಳಿದರೂ ಉಳಿದಿಬ್ಬರಿಗೆ ತಿಳಿಯುತ್ತದೆ. ನಿನಗೆ ಬರೆಯಲೂ ಔಷಧಿ ಅಂಗಡಿಯ ಹಿಂಬದಿಗೆ ಹೋಗಬೇಕು. ತಲೆ ಬಾಚುವುದು, ನಿಟ್ಟುಸಿರು ಬಿಡುವುದು ಎಲ್ಲವೂ ಮೂವರ ಮುಂದೆ. ಈಚೆಗೆ ನಾನು ಉಸಿರನ್ನೂ ಸಣ್ಣಗೆ ಬಿಡುವುದು ಕಲಿತಿದ್ದೇನೆ.

ನಿನ್ನೆ ಒಂದು ಸಂಗತಿ ನಡೆಯಿತು. ಮೇಸ್ತ್ರಿ ನೆಲದ ಬಣ್ಣ ಕೇಳಿದ. ಸಿಮೆಂಟಿಗೆ ಬಣ್ಣ ಕಲಸಿ ನಯವಾಗಿ ಎಳೆಯುವ ನೆಲ. ಇವರು ನನ್ನ ಕಡೆ ತಿರುಗಿ, "ನಿನಗೆ ಯಾವುದು ಇಷ್ಟ?" ಎಂದರು. ಪರದೆ, ಪಾತ್ರೆ, ನನ್ನ ಚಪ್ಪಲಿ ಕೂಡ ಅವರೇ ಆರಿಸಿ ತಂದವು. ಯಾವ ಬಣ್ಣ ಹೇಳಿದರೂ ಆ ಬಣ್ಣದ ನೆಲದ ಮೇಲೆ ಬದುಕುತ್ತೇನೆಂದು ಮಾತು ಕೊಟ್ಟಂತೆ. ಹೇಳದಿದ್ದರೆ ಯಾಕೆಂದು ಕೇಳಬಹುದು. ಕೇಳಿದರೆ?

ಅತ್ತೆ ಮೆಟ್ಟಿಲ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು.

ನಿನ್ನ,
ಮರಿ


ನವೆಂಬರ್ 25

ಮರಿ,

ಯಾವ ಬಣ್ಣ ಹೇಳಿದೆ?

ಬರುವುದಿಲ್ಲವೆಂದರೆ ಹಾಗೆಂದು ಬರೆದುಬಿಡು. ನಾನು ಬೇಜಾರು ಮಾಡಿಕೊಳ್ಳುತ್ತೇನೆ, ನಾಲ್ಕು ದಿನ ಎಲ್ಲರ ಮೇಲೂ ಹರಿಹಾಯುತ್ತೇನೆ, ಆಮೇಲೆ ಸರಿಹೋಗುತ್ತೇನೆ. ಮಂಚ ಮಡಿಸಿಡುತ್ತೇನೆ. ಆದರೆ ಬರುತ್ತೇನೆ ಬರುತ್ತೇನೆ ಎನ್ನುತ್ತಾ ಅಲ್ಲೇ ಉಳಿಯಬೇಡ. ಅದನ್ನು ಮಾತ್ರ ನನ್ನಿಂದ ನೋಡಲಾಗದು.

ಅಕ್ಕ


ಜನವರಿ 9

ಪ್ರೀತಿಯ ಅಕ್ಕ,

ಹಸಿರು ಎಂದೆ. ಹೇಳಿದ ಮೇಲೆ ಒಂದು ವಾರ ಊಟ ಸೇರಲಿಲ್ಲ. ಅದಕ್ಕೇ ನಿನಗೂ ಬರೆಯಲಿಲ್ಲ.

ಆ ನೆಲ ಇವತ್ತಿಗೂ ಆಗಿಲ್ಲ. ಗೋಡೆ ಒಣಗದೆ ನೆಲ ಹಾಕಿಸುವ ಹಾಗಿಲ್ಲ ಎಂದರು ಇವರು. ನಾನು ದಿನಾ ಕೇಳುವುದು, ಅವರು ಅಂಗೈಯನ್ನು ಗೋಡೆಗೊತ್ತಿ, "ಇನ್ನೂ ಒದ್ದೆ ಇದೆ" ಎನ್ನುವುದು. ಡಿಸೆಂಬರ್ ಪೂರ್ತಿ ಹೀಗೇ. ಇನ್ನೊಂದು ವಾರ, ಇನ್ನೊಂದು ವಾರ ಎಂದುಕೊಂಡೇ ನಾನೂ ಇದ್ದೆ.

ಮೊನ್ನೆ ಮಾರ್ಕೆಟ್ಟಿನಲ್ಲಿ ಮೇಸ್ತ್ರಿ ಎದುರಾದ. "ಏನಮ್ಮಾ, ನಮ್ಮನ್ನ ಬಿಟ್ಟು ಬೇರೆಯವರಿಗೆ ಕೆಲಸ ಕೊಟ್ರಾ?" ಎಂದ.

"ಇಲ್ಲಪ್ಪ. ಗೋಡೆ ಒಣಗ್ತಾ ಇಲ್ಲ, ಅದಕ್ಕೇ."

"ಹಿಂದಿನ ತಿಂಗಳೇ ನೆಲ ಎಳೆದುಕೊಡ್ತೀನಿ ಅಂದೆ. ಯಜಮಾನ್ರು ಬೇಡ ಅಂದ್ರು. ನಾನು ಮಾಡಿದ ಗೋಡೆ ಇಷ್ಟು ದಿನ ಒದ್ದೆ ಇರಬೇಕಾದ್ರೆ ಅದರ ಹಿಂದೆ ನದಿ ಇನ್ನೂ ಹರೀತಾ ಇರಬೇಕು!" ಎಂದು ನಕ್ಕು ಹೊರಟುಹೋದ.

ಇವತ್ತು ಹಾಲು ತರಲು ಹೋದವಳು ಚಿಲ್ಲರೆ ಮರೆತು ಅರ್ಧದಾರಿಯಿಂದ ವಾಪಸು ಬಂದೆ. ಹಜಾರದಲ್ಲಿ ಇವರು ಬಕೆಟ್ಟು ಚೊಂಬು ಹಿಡಿದು ಗೋಡೆಗೆ ನೀರು ಎರಚುತ್ತಿದ್ದರು. ಒಂದು ಚೊಂಬು, ಇನ್ನೊಂದು ಚೊಂಬು, ಗಿಡಕ್ಕೆ ಹಾಕುವವರ ಹಾಗೆ ನಿಧಾನವಾಗಿ. ನನ್ನನ್ನು ನೋಡಿ, "ಕ್ಯೂರಿಂಗ್" ಎಂದರು. ಬಕೆಟ್ಟು ಖಾಲಿಯಾಗುವವರೆಗೂ ನಿಲ್ಲಿಸಲಿಲ್ಲ. ಅವರು ಕೆಲಸಕ್ಕೆಂದು ಪೇಟೆಗೆ ಹೋದ ಮೇಲೆ ನಾನು ಗೋಡೆ ಮುಟ್ಟಿ ನೋಡಿದೆ. ಅವರ ಕೈ ಎಟಕುವಷ್ಟು ಎತ್ತರಕ್ಕೆ ಒದ್ದೆ. ಅದರ ಮೇಲೆ ಬೆಳ್ಳಗೆ, ಖಣಖಣ ಒಣಗಿದೆ.

ಅತ್ತೆಗೆ ಹೇಳಿದೆ.

"ಗೊತ್ತು" ಎಂದರು. "ನನಗೆ ಮಂಡಿ ಹೋಗಿದೆ ಕಣಮ್ಮ, ಕಿವಿ ಹೋಗಿಲ್ಲ. ದಿನಾ ಬಕೆಟ್ಟಿನ ಸದ್ದು ಕೇಳ್ತಾನೇ ಮಲಗಿರ್ತೀನಿ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಹೋಗಿಬಿಡ್ತೀಯ." ಕಂಬಳಿಯ ದಾರ ಎಳೆದರು. "ಅವನೊಬ್ಬನ ಜೊತೆ ನಾನು ಹೇಗಿರ್ಲಿ?"

ಯಾರ ಮೇಲೆ ಸಿಟ್ಟು ಮಾಡಲಿ ಹೇಳು. ಸಂಜೆ ಇವರು ಬಂದಾಗ, "ಗೋಡೆ ಯಾವಾಗ ಒಣಗುತ್ತೆ?" ಎಂದು ಕೇಳಿದೆ. "ಒಣಗಿದಾಗ" ಎಂದರು. "ನೀವು ನೀರು ಹಾಕೋದು ನಿಲ್ಲಿಸಿದಾಗ" ಎಂದೆ. ಅಷ್ಟೇ ಅಂದದ್ದು. ಅವರು ನನ್ನನ್ನು ದಾಟಿಕೊಂಡು ಮೆಟ್ಟಿಲು ಹತ್ತಿದರು. ಊಟಕ್ಕೆ ಕೂತಾಗ, "ಅಮ್ಮ, ಅವಳಿಗೆ ಹೇಳು, ನೀರಿನ ಜಗ್ಗು ಈ ಕಡೆ ಇಡಲಿ" ಎಂದರು.

ಶುರುವಾಯಿತು ಅಕ್ಕ. ಈ ಸಲ ಬೇರೆ ಕೋಣೆಯೂ ಇಲ್ಲ.

ಮರಿ


ಜನವರಿ 15

ನನ್ನ ಮರಿ,

ಟರ್ಮ್ ಶುರುವಾಯಿತು. ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು. ಹೆಡ್‌ಮೇಡಂ ತಾವೇ ಬಂದು ಹೇಳಿ ಹೋದರು, ನಾನು ಚಹಾ ಕೊಟ್ಟು ಕಳಿಸಿದೆ. ಬೈಯಲಿಲ್ಲ. ನನಗೆ ವಯಸ್ಸಾಯಿತೋ ಏನೋ.

ಕೆಲಸವಿಲ್ಲದಿದ್ದರೂ ಬಾ. ಇಲ್ಲಿ ಮಡಚಲು ಬೇಕಾದಷ್ಟು ಹಾಸಿಗೆ ಬಟ್ಟೆಗಳಿವೆ.

ನಿನ್ನ ಅಕ್ಕ


ಜನವರಿ 23

ಅಕ್ಕ,

ಈ ಪತ್ರವನ್ನು ಮೇಲಿನ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಇವರು ಎದುರಿಗೇ ಇದ್ದಾರೆ. ಅತ್ತೆ ಪಕ್ಕದಲ್ಲಿ. ನಾವ್ಯಾರೂ ನಾಳೆಯವರೆಗೆ ಕೆಳಗಿಳಿಯುವ ಹಾಗಿಲ್ಲ.

ನಿನ್ನೆ ಇವರು ಬಿಡಿಭಾಗ ತರಲು ಪಕ್ಕದ ಊರಿಗೆ ಹೋದರು. ಅವರು ಬೀದಿ ದಾಟುತ್ತಲೇ ನಾನು ಮೇಸ್ತ್ರಿಯ ಮನೆಗೆ ಹೋಗಿ, "ಇವತ್ತೇ ನೆಲ ಎಳೆದುಕೊಡು" ಎಂದೆ. "ಯಜಮಾನ್ರು?" ಎಂದ. "ನಾನು ಹೇಳ್ತಾ ಇದೀನಲ್ಲ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವನು ಇನ್ನಿಬ್ಬರನ್ನು ಕರೆದುಕೊಂಡು ಬಂದು, ಅಂಗಡಿ, ಅಡುಗೆಮನೆ, ಹಜಾರ ಎಲ್ಲವನ್ನೂ ಮಾತಿಲ್ಲದೆ ಎಳೆದ. ಅವನು ಮಾತಿಲ್ಲದೆ ಕೆಲಸ ಮಾಡಿದ್ದನ್ನು ನಾನು ಕಂಡದ್ದು ನಿನ್ನೆಯೇ.

ಸಂಜೆ ಇವರು ಬಂದಾಗ ಗೋಡೆ ಪಕ್ಕದ ಒಂದು ಪಟ್ಟಿ ಮಾತ್ರ ಬಾಕಿ ಇತ್ತು. ಬಾಗಿಲಲ್ಲಿ ನಿಂತು ಹಸಿರು ನೆಲವನ್ನು ನೋಡಿದರು. ಮೆಟ್ಟಿಲ ಮೇಲೆ ಕೂತ ನನ್ನನ್ನು ನೋಡಿದರು. ಮೇಸ್ತ್ರಿ, "ಒಳಗೆ ಹೋಗೋದಾದ್ರೆ ಈಗಲೇ ಹೋಗಿಬಿಡಿ ಸಾರ್, ಈ ಪಟ್ಟೀನೂ ಮುಚ್ತೀನಿ. ಇಲ್ಲಾಂದ್ರೆ ಎರಡು ದಿನ ಬಿಟ್ಟು ಬನ್ನಿ" ಎಂದ. ಹೊರಗೇ ಉಳಿಯುತ್ತಾರೆಂದು ನಾನೆಣಿಸಿದ್ದೆ. ಅವರು ಬೂಟು ಕಳಚಿ ಕೈಯಲ್ಲಿ ಹಿಡಿದು, ಗೋಡೆಗೆ ಅಂಟಿಕೊಂಡು ಒಂದೊಂದೇ ಹೆಜ್ಜೆ ಇಟ್ಟು ನನ್ನ ಪಕ್ಕದಿಂದ ಮೇಲೆ ಹೋದರು. ಮೇಸ್ತ್ರಿ ಹಿಂದೆಹಿಂದಕ್ಕೆ ಸರಿಯುತ್ತಾ ಆ ಪಟ್ಟಿಯನ್ನೂ ಮುಚ್ಚಿ ಹೊಸ್ತಿಲಾಚೆ ಇಳಿದ.

ಮೇಲೊಂದು ಪುಟ್ಟ ಬಚ್ಚಲಿದೆ, ಪುಣ್ಯ. ಹಾಲು, ಬ್ರೆಡ್ಡು ಔಷಧಿ ಅಂಗಡಿಯ ಅಮ್ಮ ಕೊಡುತ್ತಾರೆ, ನಾವು ಕಿಟಕಿಯಿಂದ ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಎಳೆದುಕೊಳ್ಳುತ್ತೇವೆ.

ಇವತ್ತು ಮಧ್ಯಾಹ್ನದವರೆಗೂ ಮಾತಿಲ್ಲ. ಆಮೇಲೆ ಇವರು, "ಅಮ್ಮ, ಅವಳಿಗೆ ಹೇಳು, ಕಿಟಕಿ ಹಾಕಲಿ, ಗಾಳಿ" ಎಂದರು.

"ನನ್ನ ಬಾಯಿ ಬಾಡಿಗೆಗಿಲ್ಲ ಕಣೋ. ಇಲ್ಲೇ ಕೂತಿದ್ದಾಳೆ, ನೀನೇ ಹೇಳು" ಎಂದರು ಅತ್ತೆ. ಹಾಗೆಂದು ಗೋಡೆಯ ಕಡೆ ತಿರುಗಿ ಮಲಗಿ ತಲೆವರೆಗೂ ಕಂಬಳಿ ಎಳೆದುಕೊಂಡರು.

ಕಿಟಕಿ ಹೊಡೆದುಕೊಳ್ಳುತ್ತಲೇ ಇತ್ತು. ನಾನು ಏಳಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಅವರು ನೆಲ ನೋಡುತ್ತಾ, "ಆ ಬ್ಯಾಗು ಯಾವತ್ತಿಗೆ ಕಟ್ಟಿದ್ದೆ?" ಎಂದರು.

"ಗುರುವಾರಕ್ಕೆ."

"ಬೂಟು ನೋಡಿದ ಕೂಡ್ಲೇ ಗೊತ್ತಾಯ್ತು ನನಗೆ."

"ಮತ್ತೆ ಕೇಳಲಿಲ್ಲ ಯಾಕೆ?"

"ಕೇಳಿದ್ರೆ ನೀನು ಹೇಳಿಬಿಡ್ತಿದ್ದೆ."

ಅವರು ಮುಂದುವರಿಸಿದರು, ಅವರಿಗೆ ಒಂದೊಂದು ಮಾತೂ ಎಲ್ಲಿಂದಲೋ ಹೊತ್ತು ತಂದ ಹಾಗಿತ್ತು. "ಈಗ ಚೆನ್ನಾಗಿರ್ಲಿಲ್ವಾ? ನೀರು ಬಂದ ಮೇಲೆ? ಮಾತಾಡ್ತಿದ್ದೆನಲ್ಲ ನಾನು. ಬಣ್ಣ ಕೇಳಿದೆ."

"ಆಡ್ತಿದ್ರಿ. ಯಾವಾಗ ನಿಲ್ಲಿಸ್ತೀರೋ ಅಂತ ನಾನು ದಿನಾ ಕಾಯ್ತಿದ್ದೆ. ನಿಲ್ಲಿಸಿದ್ರಿ."

ಅವರು ಮುಖ ಒರೆಸಿಕೊಂಡರು. "ಈಗ ಕೇಳ್ತೀನಿ" ಎಂದರು. "ಹೋಗ್ತೀಯಾ?"

"ಹೋಗ್ತೀನಿ."

ಎದ್ದು ಹೊರಗೆ ಹೋಗಬೇಕೆಂದು ಅವರಿಗೆ ಅನಿಸಿತೆಂದು ಕಾಣುತ್ತದೆ, ಮೆಟ್ಟಿಲ ತುದಿಯವರೆಗೂ ಹೋದರು. ಕೆಳಗೆ ಹಸಿ ನೆಲ. ಅಲ್ಲೇ ಒಂದಷ್ಟು ಹೊತ್ತು ನಿಂತು, ವಾಪಸು ಬಂದು ಕಿಟಕಿ ಹಾಕಿ ಕೂತರು. ಈಗ ಯಾವುದೋ ಸಣ್ಣ ತಕ್ಕಡಿಯ ಸರಪಳಿ ಬಿಡಿಸುತ್ತಿದ್ದಾರೆ. ಒಂದು ತುದಿ ಮತ್ತೆ ಮತ್ತೆ ಜಾರಿ ಬೀಳುತ್ತಿದೆ. ನಾನು ಎದ್ದು ಹೋಗಿ ಹಿಡಿದುಕೊಡಬಹುದು. ಹಿಡಿದುಕೊಟ್ಟರೆ ಇಲ್ಲೇ ಉಳಿಯುತ್ತೇನೆ, ಅದು ನನಗೆ ಗೊತ್ತು. ಅದಕ್ಕೇ ಬರೆಯುತ್ತಾ ಕೂತಿದ್ದೇನೆ.

ಅತ್ತೆ ಕಂಬಳಿಯೊಳಗಿಂದಲೇ ಈಗಷ್ಟೇ ನನ್ನ ಕೈ ಹಿಡಿದರು. "ನನ್ನ ಮಂಡಿ ನೋಡ್ಕೊಂಡು ಕೂತ್ರೆ ನಿನ್ನ ಕಾಲು ಹೋಗುತ್ತೆ" ಎಂದು ಪಿಸುಗುಟ್ಟಿದರು. ಅಳುತ್ತಿದ್ದರು. ಕೈ ಮಾತ್ರ ಬಿಡಲಿಲ್ಲ, ಬಹಳ ಹೊತ್ತು.

ಈ ಪತ್ರವನ್ನು ಬಕೆಟ್ಟಿನಲ್ಲಿಟ್ಟು ಇಳಿಸುತ್ತೇನೆ. ಇದು ನಿನಗೆ ಸಿಗುವ ಮೊದಲೇ ನಾನು ಬರಬಹುದು. ಆದರೂ ಕಳಿಸಬೇಕು. ಕಳಿಸದಿದ್ದರೆ ನಾಳೆ ನಾನು ಬೇರೇನಾದರೂ ಬರೆದೇನು.

ಮರಿ


ಜನವರಿ 29

ಅತ್ತಿಗೆಯವರಿಗೆ,

ಇಪ್ಪತ್ತೈದರ ಬೆಳಗಿನ ಬಸ್ಸಿಗೆ ಅವಳು ಹೊರಟಳು. ಸಂಜೆ ತಲುಪಿರಬೇಕು. ತಲುಪಿದ್ದರೆ ಒಂದು ಸಾಲು ಬರೆಯಿರಿ.

ಅವಳ ಸ್ವೆಟರನ್ನು ಅಮ್ಮ ಹಾಕಿಕೊಂಡಿದ್ದಾರೆ, ಬಿಚ್ಚಲು ಒಪ್ಪುತ್ತಿಲ್ಲ. ಅಲ್ಲಿ ಚಳಿ ಇದ್ದರೆ ತಿಳಿಸಿ. ಹೊಸದು ಕಳಿಸುತ್ತೇನೆ. ಬಣ್ಣ ಅವಳನ್ನೇ ಕೇಳಿ ಬರೆಯಿರಿ.

ಇಂತು,
ಅವಳ ಮನೆಯವರು


ಫೆಬ್ರವರಿ 11

ನಿಮಗೆ ನಾನು ಎಂದೂ ಪತ್ರ ಬರೆದವಳಲ್ಲ. ಹೇಗೆ ಕರೆದು ಶುರುಮಾಡಬೇಕೆಂದು ತಿಳಿಯದೆ ಮೇಲೆ ಖಾಲಿ ಬಿಟ್ಟಿದ್ದೇನೆ. ತಪ್ಪು ತಿಳಿಯಬೇಡಿ.

ತಲುಪಿದೆ. ಅಕ್ಕ ನಿಮಗೆ ಒಂದು ಸಾಲು ಬರೆಯುತ್ತೇನೆಂದಳು, ನಾನೇ ಬರೆಯುತ್ತೇನೆಂದು ಹೇಳಿ ಇಷ್ಟು ದಿನ ತಡ ಮಾಡಿದೆ. ಸ್ವೆಟರ್ ಬೇಡ. ಅತ್ತೆಯ ಹತ್ತಿರವೇ ಇರಲಿ, ತೋಳು ಮಾತ್ರ ಅವರಿಗೆ ಉದ್ದ, ಮಡಿಸಿ ಹೊಲಿದುಕೊಡಿ. ಅವರು ಹೊಸ ನೆಲದ ಮೇಲೆ ಒದ್ದೆ ಕಾಲಿನಲ್ಲಿ ಓಡಾಡದ ಹಾಗೆ ನೋಡಿಕೊಳ್ಳಿ. ನಯವಿದೆ, ಜಾರುತ್ತದೆ. ಮೆಟ್ಟಿಲಿನಿಂದ ಅವರ ಹಾಸಿಗೆಯವರೆಗೆ ಚಾಪೆ ಹಾಕಿ.

ಅವತ್ತು ಮೇಸ್ತ್ರಿ ಬಂದು ಹೆಬ್ಬೆರಳೊತ್ತಿ ನೋಡಿ, "ಇಳೀಬಹುದು" ಎಂದಾಗ ನಾವು ಮೂವರೂ ಕೂತೇ ಇದ್ದೆವಲ್ಲ. ನೀವು ಮೊದಲು ಇಳಿಯುತ್ತೀರೆಂದು ನಾನು ಕಾದೆ. ನೀವೂ ಹಾಗೆಯೇ ಕಾದಿರೋ ಏನೋ. ಬಸ್ಸಿನಲ್ಲಿ ಕೂತ ಮೇಲೂ ನನಗೆ ಅದೇ ಯೋಚನೆ. ನಾನು ಇಳಿಯದಿದ್ದರೆ ನಾವು ಇನ್ನೂ ಅಲ್ಲೇ ಇರುತ್ತಿದ್ದೆವು.

ಶಾಲೆಯ ಕೆಲಸ ಬೇರೆಯವರಿಗೆ ಹೋಗಿದೆ. ಸದ್ಯಕ್ಕೆ ಅಕ್ಕನ ಜೊತೆ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹಾಸಿಗೆ ಬಟ್ಟೆ ಮಡಚುತ್ತೇನೆ. ಅಲ್ಲಿ ದಿನವಿಡೀ ಯಂತ್ರಗಳ ಗದ್ದಲ, ಉಗಿ, ಕಿರುಚಿ ಮಾತಾಡುವ ಹೆಂಗಸರು. ಖುಷಿಯಾಗಿದ್ದೇನೆಂದು ಬರೆದರೆ ಸುಳ್ಳಾದೀತು. ನಿನ್ನೆ ಅಕ್ಕ ಏನೋ ಲೆಕ್ಕ ಹಾಕುತ್ತಾ ತುಂಬಾ ಹೊತ್ತು ಮಾತಾಡಲಿಲ್ಲ. ನಾನೇನು ತಪ್ಪು ಮಾಡಿದೆ, ಬೆಳಿಗ್ಗೆಯಿಂದ ಏನೇನು ಅಂದೆ ಎಂದು ಒಂದೊಂದೇ ನೆನಪಿಸಿಕೊಳ್ಳತೊಡಗಿದೆ. ಕೊನೆಗೆ ತಡೆಯಲಾರದೆ, "ಅಕ್ಕ, ಸಿಟ್ಟಾ?" ಎಂದೆ. "ಎಣಿಸ್ತಾ ಇದೀನಿ ಕಣೇ, ತಪ್ಪಿಸಬೇಡ!" ಎಂದು ಗದರಿದಳು. ನಾನು ಅಳಲು ಶುರುಮಾಡಿದೆ. ಅವಳಿಗೆ ಏನೂ ಅರ್ಥವಾಗಲಿಲ್ಲ. ನಿಮಗೆ ಅರ್ಥವಾಗಬಹುದು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮನೆ ಬಿಟ್ಟು ಬಂದಿದ್ದೇನೆ, ಆದರೆ ಯಾರಾದರೂ ಸುಮ್ಮನಾದರೆ ನಾನು ಇನ್ನೂ ಆ ಕೋಣೆಯಲ್ಲೇ ಇರುತ್ತೇನೆ. ಹೊರಗೆ ಬರಲು ಎಷ್ಟು ದಿನ ಬೇಕೋ ಗೊತ್ತಿಲ್ಲ.

ನೀವು ಬರೆದರೆ ಓದುತ್ತೇನೆ. ಏನು ಬೇಕಾದರೂ ಬರೆಯಿರಿ, ತಕ್ಕಡಿಗಳ ವಿಷಯವಾದರೂ ಸರಿ. ಉತ್ತರ ಬರೆಯುತ್ತೇನೆಂದು ಮಾತು ಕೊಡಲಾರೆ. ಬರೆಯಬೇಕೆನಿಸದಿದ್ದರೆ ಬರೆಯಬೇಡಿ. ಯಾಕೆ ಬರೆಯಲಿಲ್ಲ ಎಂದು ನಾನು ಕೇಳುವುದಿಲ್ಲ. ಬಾಗಿಲಿಗೆ ಬಂದ ಅಂಚೆಯವನ ಕೈಯಲ್ಲಿ ಏನಿದೆಯೆಂದೂ ನೋಡುವುದಿಲ್ಲ. ಅದನ್ನು ಈಗ ಕಲಿಯುತ್ತಿದ್ದೇನೆ.

ಅತ್ತೆಗೆ ಇದನ್ನು ಗಟ್ಟಿಯಾಗಿ ಓದಿಹೇಳಿ. ಎಲ್ಲವನ್ನೂ ಓದಿ.

ನಾನು